ವೈಯಾವೃತ್ಯ ಮತ್ತು ಉದರರೋಗಿಯ ಆರೈಕೆ

ಯಾದಗಿರಿ ಸೀಮೆಯ ಮುದನಾಳದಿಂದ ಬಹುದೂರವಿಲ್ಲದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯರು ಔಷಧಕ್ಕೆ ಮಾಂಸ ಅನಗತ್ಯವೆಂದು ಪ್ರತಿಪಾದಿಸಿದ ಸಂಗತಿ ಅವರ ‘ಕಲ್ಯಾಣಕಾರಕ’ದಿಂದ ತಿಳಿದುಬರುತ್ತದೆ. 1940ರಲ್ಲಿ ಸೊಲ್ಲಾಪುರದಲ್ಲಿ ಮುದ್ರಣಗೊಂಡ ಈ ಸಂಸ್ಕೃತ ವೈದ್ಯಗ್ರಂಥದಲ್ಲಿ, ವ್ರತ ಕೆಡದಂತೆ ರೋಗಿಯನ್ನು ಉಳಿಸುವ ದಾರಿಯನ್ನು ಆಚಾರ್ಯರು ಅರಸಿದ್ದಾರೆ.

ವ್ರತಕ್ಕೂ ರೋಗಕ್ಕೂ ತಾಕಲಾಟ ಬಂದಾಗ ಏನು ಮಾಡಬೇಕು? ಸಮಂತಭದ್ರಾಚಾರ್ಯರ ಚರಿತ್ರೆ ಇದಕ್ಕೆ ಉತ್ತರವೀಯುತ್ತದೆ. ಉಂಡುದೆಲ್ಲ ಬೂದಿಯಾಗಿ ಹಸಿವು ಹಿಂಗದ ಭಸ್ಮಕವ್ಯಾಧಿ ಅವರನ್ನು ಕಾಡಿತು. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಈ ವ್ಯಾಧಿಯ ಉಲ್ಲೇಖವಿದೆ. ಅವರು ಸಲ್ಲೇಖನಕ್ಕೆ ಅನುಮತಿ ಬೇಡಲು ಗುರುಗಳು ಒಪ್ಪದೆ, ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಕಳೆದುಕೊಳ್ಳುವಂತೆ ಆಜ್ಞಾಪಿಸಿದರೆಂದೂ, ಗುಣ ಹೊಂದಿದ ಮೇಲೆ ಅವರು ಪುನಃ ದೀಕ್ಷೆ ತಳೆದರೆಂದೂ ಪರಂಪರೆ ಹೇಳುತ್ತದೆ.

ಆರೈಕೆ ಮಾಡುವವರಿಗೆ ಆದರ್ಶ ಉದ್ದಾಯನ ರಾಜ. ರೋಗಿಷ್ಠ ಮುನಿಯು ತನ್ನ ಮೇಲೆಯೇ ವಾಂತಿ ಮಾಡಿದರೂ ಹೇಸದೆ ಮೈತೊಳೆದ ಆತನ ಕಥೆ ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತವಾಗಿದೆ. ಹೇಸದವನಿಗೆ ಮಾತ್ರ ಲಕ್ಷಣಗಳು ಕಾಣುತ್ತವೆ. ವಾಂತಿಭೇದಿಯಲ್ಲಿ ನಾಲಿಗೆ ಒಣಗುವುದು, ಕಣ್ಣು ಗುಳಿಬೀಳುವುದು, ಮೂತ್ರ ಕಡಿಮೆಯಾಗುವುದು ದೇಹದ ನೀರು ಬತ್ತಿದ ಸೂಚನೆ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಸಕ್ಕರೆಯ ದ್ರಾವಣವನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕುಡಿಸಬೇಕು. ಗಂಜಿ, ಮೆದು ಅನ್ನವನ್ನೂ, ಹಸುಗೂಸಿಗೆ ಎದೆಹಾಲನ್ನೂ ನಿಲ್ಲಿಸಬಾರದು. ಶುಶ್ರೂಷೆ ಮಾಡುವವರು ಪ್ರತಿಸಲವೂ ಸಾಬೂನಿನಿಂದ ಕೈತೊಳೆಯಬೇಕು. ನೀರನ್ನು ಸೋಸಿ ಕಾಯಿಸಿ ಕುಡಿಯುವ ಶ್ರಾವಕರ ರೂಢಿ ಇಲ್ಲಿ ಪ್ರಾಣರಕ್ಷಕ. 2023ರಲ್ಲಿ ಯಾದಗಿರಿ ಜಿಲ್ಲೆಯ ಅನಪುರದಲ್ಲಿ ಕಲುಷಿತ ನೀರಿನಿಂದ ಜೀವಹಾನಿಯಾದುದನ್ನು ಮರೆಯಲಾಗದು.

ಭೇದಿ ಸೂರ್ಯಾಸ್ತಕ್ಕೆ ನಿಲ್ಲುವುದಿಲ್ಲ. ರಾತ್ರಿ ನೀರು ತ್ಯಜಿಸಿದ ಹಿರಿಯರು ಇಂತಹ ಸಂಕಟದಲ್ಲಿ ಏನು ಮಾಡಬೇಕೆಂಬುದನ್ನು ಆರೋಗ್ಯವಿದ್ದಾಗಲೇ ಮುನಿಗಳನ್ನು ಕೇಳಿ ತಿಳಿದಿರಬೇಕು. ವ್ರತವೇ ಇಲ್ಲದ ಮಗುವಿಗೆ ಮನೆಯ ಆಚಾರದ ಹೆಸರಿನಲ್ಲಿ ನೀರು ತಡೆಯುವುದು ಹಿಂಸೆಯೇ ಸರಿ. ವ್ರತಭಂಗಕ್ಕೆ ಪ್ರಾಯಶ್ಚಿತ್ತವುಂಟು, ಹೋದ ಪ್ರಾಣಕ್ಕೆ ಇಲ್ಲ. ಬಸದಿಯ ಟ್ರಸ್ಟುಗಳು ಔಷಧದಾನದ ಹಣದಲ್ಲಿ ಓಆರ್‌ಎಸ್ ಪೊಟ್ಟಣಗಳನ್ನು ಸದಾ ಸಂಗ್ರಹಿಸಿಟ್ಟರೆ ವೈಯಾವೃತ್ಯ ಸಾರ್ಥಕವಾದೀತು.