ಇಂಜಿನ್ನಿನ ತಂಪುನೀರಿನ ಬಾಯಿಗೆ ಕಳೆ ಕಟ್ಟುವುದು: ತಡೆಯುವ ಬಗೆ

ನೀರಿನಿಂದ ತಂಪಾಗುವ ಇಂಜಿನ್ ಹೊಳೆ, ಕೆರೆ ಅಥವಾ ಸಮುದ್ರದಿಂದ ನೀರೆಳೆಯುವಾಗ ಕೊಳವೆಯ ಬಾಯಿಗೆ ಜೊಂಡು, ಪಾಚಿ, ಅಂತರಗಂಗೆ, ಎಲೆ, ಪ್ಲಾಸ್ಟಿಕ್ ಚೀಲ ಅಂಟಿಕೊಳ್ಳುತ್ತವೆ. ಹರಿವು ನಿಂತರೆ ಇಂಜಿನ್ ಕಾದು ಕೆಡುತ್ತದೆ. ಹಾಯಿದೋಣಿಯ ಡೀಸೆಲ್ ಇಂಜಿನ್ನಿಗೂ ಹೊಳೆದಂಡೆಯ ಇಂಜಿನ್ ಪಂಪ್‌ಸೆಟ್ಟಿಗೂ ಈ ಕಾಟ ಒಂದೇ. ಕರ್ನಾಟಕದ ಒಳನಾಡಿನಲ್ಲಿ ಹಾಯಿದೋಣಿ ಅಪರೂಪ, ಪಂಪ್‌ಸೆಟ್ ಮನೆಮಾತು. ಆದ್ದರಿಂದ ಇಲ್ಲಿ ಪಂಪ್‌ಸೆಟ್ಟಿನಿಂದಲೇ ಶುರು ಮಾಡಲಾಗಿದೆ.

ಹೊಳೆದಂಡೆಯಲ್ಲಿ

ಬೆಳಗಾವಿಯ ವಾಯವ್ಯಕ್ಕಿರುವ ಹಿಂಡಲಗಾ, ಘಟಪ್ರಭೆಯ ಉಪನದಿ ಮಾರ್ಕಂಡೇಯದ ಬಯಲಿಗೆ ಸೇರಿದ ಊರು. ರಕ್ಕಸಕೊಪ್ಪ ಜಲಾಶಯದ ನೀರನ್ನು ನಗರಕ್ಕೆ ಎತ್ತುವ ಪಂಪ್‌ಹೌಸ್ ಇಲ್ಲಿದೆ. ಇಂಥ ಹೊಳೆಸಾಲಿನಲ್ಲಿ ಹೀರುಪೈಪಿನ ತುದಿಗೆ ಕೂರಿಸುವ ಬೀಡುಕಬ್ಬಿಣದ ಫುಟ್‌ವಾಲ್ವ್ ಎರಡು ಕೆಲಸ ಮಾಡುತ್ತದೆ. ಅದರ ತೂತುಗಳು ಕಸ ತಡೆಯುತ್ತವೆ, ಒಳಗಿನ ಮುಚ್ಚಳ ಏರಿದ ನೀರು ಹಿಂದಿಳಿಯದಂತೆ ಹಿಡಿಯುತ್ತದೆ.

ಐದು ಅಶ್ವಶಕ್ತಿಯ ಡೀಸೆಲ್ ಪಂಪ್‌ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಪಂಪು ಎತ್ತಿದ ನೀರಿನಿಂದಲೇ ಒಂದು ಸಣ್ಣ ಕವಲು ತೆಗೆದು ಸಿಲಿಂಡರಿನ ಸುತ್ತ ಹರಿಸುತ್ತಾರೆ. ಜೊಂಡು ಫುಟ್‌ವಾಲ್ವನ್ನು ಅಪ್ಪಿಕೊಂಡರೆ ಗದ್ದೆಗೆ ನೀರು ನಿಲ್ಲುವುದರ ಜೊತೆಗೆ ಇಂಜಿನ್ನೂ ಕಾಯತೊಡಗುತ್ತದೆ. ರೈತನಿಗೆ ಮೊದಲು ಗೊತ್ತಾಗುವುದು ಸದ್ದಿನಿಂದ: ಹೊರೆ ಇಳಿದ ಇಂಜಿನ್ ಹಗುರಾಗಿ ಓಡುತ್ತದೆ, ಹೊರಪೈಪಿನ ಧಾರೆ ಸಣಕಲಾಗಿ ಬುಳುಬುಳು ಎನ್ನುತ್ತದೆ.

ಮದ್ದು ಹಳೆಯದು. ಫುಟ್‌ವಾಲ್ವನ್ನು ಬಿದಿರಿನ ಬುಟ್ಟಿಯೊಳಗೋ ತೂತು ಹೊಡೆದ ಡ್ರಮ್ಮಿನೊಳಗೋ ಇಳಿಬಿಟ್ಟು, ತಳದ ಕೆಸರಿಗೂ ಮೇಲ್ಮೈಯ ಅಂತರಗಂಗೆಗೂ ತಾಗದಂತೆ ನಡುನೀರಿನಲ್ಲಿ ತೂಗಿಸುತ್ತಾರೆ. ಮುಚ್ಚಳದ ಸಂದಿಗೆ ಕಡ್ಡಿ ಸಿಕ್ಕಿ ಸೋರಿದರೆ ಪಂಪು ಶುರುಮಾಡಲು ಹೀರುಪೈಪಿಗೆ ಕೊಡದಿಂದ ನೀರು ತುಂಬುವಾಗ ಸಗಣಿ ಕದಡಿದ ನೀರು ಹೊಯ್ಯುವುದುಂಟು, ನಾರು ಸಂದಿಯನ್ನು ಮುಚ್ಚುತ್ತದೆ. 

ಬುಟ್ಟಿ ಕೆಲಸ ಮಾಡುವುದು ಸಣ್ಣ ಕಣ್ಣಿನಿಂದಲ್ಲ, ದೊಡ್ಡ ಮೈಯಿಂದ. ನೀರು ಒಳನುಗ್ಗುವ ಜಾಗ ನಾಲ್ಕು ಪಟ್ಟಾದರೆ ಸೆಳೆತದ ವೇಗ ಕಾಲುಭಾಗಕ್ಕೆ ಇಳಿಯುತ್ತದೆ, ತೇಲಿ ಬಂದ ಎಲೆ ಅಂಟದೆ ಹರಿದುಹೋಗುತ್ತದೆ. 25 ಮಿ.ಮೀ. ಕೊಳವೆಯ ಅಡ್ಡಕೊಯ್ತ ಸುಮಾರು 490 ಚದರ ಮಿ.ಮೀ., 3 ಮಿ.ಮೀ. ತೂತಿನದು 7. ಕೊಳವೆಗೆ ಸರಿಗಟ್ಟಲು 70 ತೂತು ಬೇಕು. ಅರ್ಧ ಕಟ್ಟಿದರೂ ನಡೆಯಬೇಕಾದರೆ 140ಕ್ಕಿಂತ ಕಡಿಮೆ ಮಾಡಬಾರದು. ಕಳೆ ಹೆಚ್ಚಾಯಿತೆಂದು ಜಾಲರಿಯ ಕಣ್ಣು ಕಿರಿದುಮಾಡುವುದು ಎಲ್ಲರೂ ಮಾಡುವ ತಪ್ಪು.

ಪಂಪಿನ ಊರು

ಈ ಲೇಖನಕ್ಕೆ ಅಷ್ಟೇನೂ ಅಗತ್ಯವಲ್ಲದಿದ್ದರೂ ಬೆಳಗಾವಿಯ ಪಂಪಿನ ನಂಟನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಲಕ್ಷ್ಮಣರಾವ್ ಕಿರ್ಲೋಸ್ಕರ್ (1869–1956) ಇದೇ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಅವರು ತೆರೆದ ಸೈಕಲ್ ಅಂಗಡಿಯಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಹೊರಬಂದವು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂದು ರೈತರು ಹಿಂಜರಿದು, ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂಬ ಮಾತಿದೆ. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ಕುಂಡಲಕ್ಕೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. 1920ರ ದಶಕದಲ್ಲಿ ಅಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು, 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜಿನ್ನಿನ ಕಂಪನಿ ಹುಟ್ಟಿತು. ಅಂಗಡಿ ಹೋದರೂ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಉಳಿದಿದೆ. ನಗರದ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ಇಂದಿಗೂ ಪಂಪು, ವಾಲ್ವುಗಳ ಎರಕ ನಡೆಯುತ್ತದೆ.

ಹಾಯಿದೋಣಿಯಲ್ಲಿ

ದೋಣಿಯಲ್ಲಿ ನೀರಿನ ದಾರಿ ಉದ್ದ. ತಳದ ತೂತು, ಅದರ ಮೇಲೆ ಸೀಕಾಕ್ ಎಂಬ ನಲ್ಲಿ, ಕಸ ಸೋಸುವ ಸ್ಟ್ರೇನರ್, ರಬ್ಬರ್ ಇಂಪೆಲರಿನ ಪಂಪು, ಶಾಖ ಬದಲಿಸುವ ಪೆಟ್ಟಿಗೆ, ಕೊನೆಗೆ ಹೊಗೆಯೊಂದಿಗೆ ಬೆರೆತು ಹೊರಕ್ಕೆ. ಇಂಪೆಲರಿಗೆ ಜಾರಿಕೆ ಕೊಡುವುದು ಅದೇ ನೀರು. ಒಣಗಿ ತಿರುಗಿದರೆ ಅದರ ರೆಕ್ಕೆಗಳು ಬೇಗನೆ ಹರಿಯುತ್ತವೆ, ತುಣುಕುಗಳು ಮುಂದಿನ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಳೆ ತೆಗೆದರೂ ತಾಪ ಇಳಿಯದಿದ್ದರೆ ಹುಡುಕಬೇಕಾದದ್ದು ಆ ತುಣುಕುಗಳನ್ನು.

ತೂತಿನ ಹೊರಗೆ ಜಾಲರಿ ಕೂರಿಸಿದರೆ ಜೊಂಡೇನೋ ತಡೆಯುತ್ತದೆ. ಆದರೆ ಸಮುದ್ರದಲ್ಲಿ ಅದರ ಹಿಂದೆ ಚಿಪ್ಪುಜೀವಿಗಳು ಬೆಳೆಯುತ್ತವೆ, ಒಳಗಿನಿಂದ ಕಡ್ಡಿ ತೂರಿಸಿ ಕಸ ನೂಕಲೂ ಆಗುವುದಿಲ್ಲ. ಮುಂದಕ್ಕೆ ಬಾಯಿ ತೆರೆದ ಸೌಟಿನಂಥ ಮುಚ್ಚಳ ಹಾಯಿದೋಣಿಗೆ ಅಪಾಯಕರ. ಹಾಯಿಯ ಬಲದಲ್ಲಿ ಓಡುವಾಗ ಇಂಜಿನ್ ನಿಂತಿರುತ್ತದೆ. ಒತ್ತಿಬಂದ ನೀರು ಪಂಪನ್ನು ದಾಟಿ ಹೊಗೆಕೊಳವೆ ತುಂಬಿ ಸಿಲಿಂಡರಿಗೇ ಇಳಿಯಬಹುದು. ಹೆಚ್ಚು ಉಪಯೋಗಕ್ಕೆ ಬರುವುದು ಸ್ಟ್ರೇನರನ್ನು ನೀರಿನ ಮಟ್ಟಕ್ಕಿಂತ ಮೇಲೆ, ಸೀಕಾಕಿನ ನೇರಕ್ಕೆ, ಕೈಗೆಟಕುವಂತೆ ಕೂರಿಸುವುದು. ಮುಚ್ಚಳ ಬಿಚ್ಚಿದರೂ ದೋಣಿಗೆ ನೀರು ನುಗ್ಗುವುದಿಲ್ಲ, ಕೋಲನ್ನು ತೂತಿನ ತನಕ ಇಳಿಸಬಹುದು. ಸೈಲ್‌ಡ್ರೈವ್ ಮಾದರಿಯಲ್ಲಿ ಸೀಳುಬಾಯಿ ನೀರಿನೊಳಗಿನ ಕಾಲಿನಲ್ಲೇ ಇರುವುದರಿಂದ ಕೋಲು ತಲುಪದು. ಕೊಳವೆ ಕಳಚಿ ರಬ್ಬರ್ ದೋಣಿಯ ಗಾಳಿಪಂಪಿನಿಂದ ಹಿಂದಕ್ಕೆ ಊದುತ್ತಾರೆ.

ಕಳೆಯ ಮೂಲಕ್ಕೇ ಕೈಹಾಕಿದ ಉದಾಹರಣೆಯೂ ಕರ್ನಾಟಕದ್ದೇ. ದಕ್ಷಿಣ ಅಮೆರಿಕದಿಂದ ಬಂದ ನೀಲಿ ಹೂವಿನ ಜಲಕಳೆಯ ಮೇಲೆ ಅದನ್ನು ತಿನ್ನುವ, ಅದೇ ಖಂಡದ ನಿಯೋಕೆಟಿನಾ ಸೊಂಡಿಲುಕೀಟಗಳನ್ನು 1980ರ ದಶಕದಲ್ಲಿ ಬೆಂಗಳೂರು ಸುತ್ತಿನ ಕೆರೆಗಳಲ್ಲಿ ಬಿಡಲಾಯಿತು.

ಖಾನಾಪುರದ ಹೆಸರು

ಭಾರತೀಯ ನೌಕಾಪಡೆಯ 56 ಅಡಿಯ ಹಾಯಿದೋಣಿ ‘ಮ್ಹಾದೇಯಿ’ ಗೋವೆಯ ದಿವಾಡಿ ದ್ವೀಪದಲ್ಲಿ ತಯಾರಾದದ್ದು. ಅದರ ಹೆಸರು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ದೇಗಾಂವ ಬಳಿ ಹುಟ್ಟಿ ಗೋವೆಯಲ್ಲಿ ಮಾಂಡೋವಿಯಾಗುವ ಮಹದಾಯಿ ನದಿಯದು. 2009–10ರಲ್ಲಿ ದಿಲೀಪ್ ದೊಂಡೆ ಈ ದೋಣಿಯಲ್ಲಿ ಒಬ್ಬರೇ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರಾದರು. 2012–13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿ ಬಂದರು. ತಡೆಯಿಲ್ಲದ ಯಾತ್ರೆಯಲ್ಲಿ ದೋಣಿಯನ್ನು ಮುನ್ನಡೆಸುವ ಪಾಲು ಹಾಯಿಯದು. ಇಂಜಿನ್ನಿನ ನಿಜವಾದ ಕೆಲಸ ಬಂದರಿನ ಬಾಯಲ್ಲಿ ಮತ್ತು ಅಳಿವೆಯಲ್ಲಿ. ಮಳೆಗಾಲದಲ್ಲಿ ಹೊಳೆ ಹೊತ್ತು ತಂದ ಎಲೆ, ಜೊಂಡು ತೇಲುವುದೂ ಅಲ್ಲಿಯೇ.