ಯಾರ ಜೈಲು ಇತಿಹಾಸ, ಯಾರ ಜೈಲು ತಮಾಷೆ?



ಮೊನ್ನೆ ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಲ್ಲಿ ಬರ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ ಮೊಬೈಲಲ್ಲಿ 'ಗೆಟ್ ಹಾರ್ಡ್' ಅನ್ನೋ ಇಂಗ್ಲಿಷ್ ಸಿನಿಮಾ ನೋಡ್ಕೊಂಡು ಒಬ್ಬನೇ ನಗ್ತಿದ್ದ. "ಸಖತ್ ಕಾಮಿಡಿ ಅಣ್ಣ, ನೀವೂ ನೋಡಿ" ಅಂದ. ರಾತ್ರಿ ನೋಡಿದೆ. ನಗುನೂ ಬಂತು, ಸುಳ್ಳು ಹೇಳಲ್ಲ. ಆಮೇಲೆ ನಿದ್ದೆ ಬರಲಿಲ್ಲ.

2015ರ ಸಿನಿಮಾ, ಈಟನ್ ಕೋಹೆನ್ ನಿರ್ದೇಶನ. ವಿಲ್ ಫೆರೆಲ್ ದುಡ್ಡಿರೋ ಬಿಳಿಯ. ವಂಚನೆ ಕೇಸಲ್ಲಿ 10 ವರ್ಷ ಶಿಕ್ಷೆ ಆಗುತ್ತೆ. ಜೈಲಲ್ಲಿ ಬದುಕೋದು ಕಲಿಸಿಕೊಡು ಅಂತ ತನ್ನ ಕಾರು ತೊಳೆಯೋ ಕಪ್ಪು ಮನುಷ್ಯನ ಹತ್ತಿರ ಹೋಗ್ತಾನೆ. ಅವನ ಹತ್ತಿರವೇ ಯಾಕೆ? ಕಪ್ಪಗಿದ್ದಾನೆ ಅಂದ್ಮೇಲೆ ಜೈಲಿಗೆ ಹೋಗಿಯೇ ಇರ್ತಾನೆ ಅಂತ! ಕೆವಿನ್ ಹಾರ್ಟ್ ಮಾಡಿರೋ ಆ ಪಾತ್ರ ಜೈಲಿನ ಬಾಗಿಲು ಕಂಡಿದ್ದೇ ಇಲ್ಲ. ದುಡ್ಡಿನ ಅಗತ್ಯಕ್ಕೆ ಹೂಂ ಅಂತಾನೆ.

ಟೆಕ್ಸಾಸಿನ ಆಸ್ಟಿನ್ ಉತ್ಸವದಲ್ಲಿ ಮೊದಲ ಪ್ರದರ್ಶನ ಮುಗೀತಿದ್ದಂಗೆ ಪ್ರೇಕ್ಷಕನೊಬ್ಬ ಎದ್ದು, ಇದು ವರ್ಣಭೇದ ಅಲ್ವಾ ಅಂತ ನಿರ್ದೇಶಕರನ್ನೇ ಕೇಳಿದ. ವಿಮರ್ಶಕರಲ್ಲಿ ಹೆಚ್ಚಿನವರು ಚೆನ್ನಾಗಿ ಉಗಿದರು. ಜೈಲಿನ ಅತ್ಯಾಚಾರವನ್ನೇ ಜೋಕ್ ಮಾಡಿದ್ದಾರೆ, ಸಲಿಂಗಿಗಳನ್ನ ಹೀಗಳೆದಿದ್ದಾರೆ ಅಂದರು. ನಾವು ಗೇಲಿ ಮಾಡಿರೋದು ಬಿಳಿಯನ ಪೂರ್ವಗ್ರಹವನ್ನ ಅಂತ ಸಿನಿಮಾದವರ ಸಮರ್ಥನೆ. ಗಳಿಕೆ ಮಾತ್ರ 10 ಕೋಟಿ ಡಾಲರ್ ದಾಟಿತು. ಅವರ ಸಮರ್ಥನೆ ಅರ್ಧ ನಿಜ ಅಂತಲೇ ಇಟ್ಕೊಳ್ಳೋಣ. ಆದ್ರೆ ಜೈಲು ತುಂಬಿರೋ ಕಪ್ಪುಜನ ಅಲ್ಲಿಗೆ ಹೇಗೆ ಬಂದ್ರು ಅಂತ ಕೇಳೋ ವ್ಯವಧಾನ ಆ ಸಿನಿಮಾಕ್ಕಿಲ್ಲ. ಅಲ್ಲಿರೋ ಹೆದರಿಕೆಯೆಲ್ಲ ಬಿಳಿಯನದು.

ನಮ್ಮಲ್ಲೂ ಹಂಗೇ ಕಣ್ರೀ. ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೈಲಿ ಬಂದೀಖಾನೆ ಇದೆಯಲ್ಲ, 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕು 1782ರಲ್ಲಿ ಸೆರೆಯಲ್ಲೇ ಸತ್ತ ಬ್ರಿಟಿಷ್ ಅಧಿಕಾರಿ. ಅವನ ಹೆಸರು ಉಳಿದಿದೆ, ಪ್ರವಾಸಿಗಳು ಸೆಲ್ಫಿ ತಗೋತಾರೆ. 1871ರ ಕ್ರಿಮಿನಲ್ ಬುಡಕಟ್ಟು ಕಾಯ್ದೆ ಹುಟ್ಟುಗಳ್ಳರು ಅಂತ ಬರೆದಿಟ್ಟ ಸಮುದಾಯಗಳ ಹೆಸರಲ್ಲಿ ಎಲ್ಲಿ ಬೋರ್ಡಿದೆ? ಆ ಕಾಯ್ದೆ 1952ರಲ್ಲಿ ರದ್ದಾಯ್ತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದಿನ ಆಫೀಸಿನ ಲೆಕ್ಕದಲ್ಲಿ 500 ರೂಪಾಯಿ ಕಮ್ಮಿ ಬಂತು. ಯಾರೂ ಬಾಯಿ ಬಿಡಲಿಲ್ಲ, ಎಲ್ಲರೂ ನನ್ನ ಟೇಬಲ್ ಕಡೆ ನೋಡಿದರು. ಸಂಜೆ ದುಡ್ಡು ವೋಚರ್ ಕಟ್ಟಿನೊಳಗೇ ಸಿಕ್ತು. "ತಮಾಷೆಗೆ ಕಣಯ್ಯ, ಬೇಜಾರ್ ಮಾಡ್ಕೋಬೇಡ" ಅಂದರು.

2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಮೇಲ್ಜಾತಿಗೆ, ಕಕ್ಕಸು ಗುಡಿಸೋದು ನಮ್ಮವರಿಗೆ ಅಂತ ಇತ್ತು. ಅದು ಸಂವಿಧಾನ ವಿರೋಧಿ ಅಂದ ಕೋರ್ಟು, ಕೈದಿಗಳ ರಿಜಿಸ್ಟರಿನ ಜಾತಿ ಕಾಲಂ ತೆಗೀರಿ ಅಂತಲೂ ಹೇಳಿತು. ದಿನಾ ರಿಜಿಸ್ಟರ್ ಬರೆಯೋ ಗುಮಾಸ್ತ ನಾನು. ಒಂದು ಕಾಲಂ ಮನುಷ್ಯನನ್ನ ಎಲ್ಲಿ ಕೂರಿಸುತ್ತೆ ಅಂತ ಚೆನ್ನಾಗಿ ಗೊತ್ತು.

ಕೆ.ಆರ್.ಪೇಟೆ, ನಾಗಮಂಗಲದ ಗೆಳೆಯರು ಸೇರಿ ಆ ತೀರ್ಪು ಓದೋಣ ಅಂತಿದ್ದೀವಿ. ಸಿನಿಮಾನೂ ಹಾಕ್ತೀವಿ, ನಗೋರು ನಗಲಿ. ಬಸ್ಸಿನ ಆ ಹುಡುಗನನ್ನೂ ಕರೀಬೇಕಿತ್ತು. ಹೆಸರು ಕೇಳೋದೇ ಮರೆತೆ.