ದೀಪದ ಕಂಬ, ಕಣ್ಣಿನ ಕಂಬ

ಪೀಣ್ಯದ ಹತ್ತಿರದ ಶಾಲೆಯೊಂದರಲ್ಲಿ ನಾನು ಸಮಾಜ ಪಾಠ ಹೇಳುವವಳು. ಬೆಂಗಳೂರಿನ ಚರಿತ್ರೆ ಬಂದಾಗ ಮಕ್ಕಳಿಗೆ ತಪ್ಪದೆ ಹೇಳುವ ದಿನವೊಂದಿದೆ: 1905ರ ಆಗಸ್ಟ್ 5. ಶಿವನಸಮುದ್ರದ ವಿದ್ಯುತ್ತು ಅಂದು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. 1902ರಲ್ಲೇ ಅದು ಕೋಲಾರದ ಗಣಿಗೆ ಹೋಗಿತ್ತು. ಮೊದಲು ಚಿನ್ನಕ್ಕೆ, ಆಮೇಲೆ ಬೀದಿಗೆ! ಹಾಗಿದ್ದರೂ ಆ ಬೆಳಕು ಎಲ್ಲರದಾಯಿತು. ಎದುರಿಗೆ ಬರುವವರು ಯಾರೆಂದು ಹೆಂಗಸರಿಗೂ ಕಾಣುವಂತಾಯಿತು.

ಈಗ ದೀಪದ ಕಂಬದ ಪಕ್ಕದಲ್ಲೇ ಕ್ಯಾಮೆರಾದ ಕಂಬ ಬಂದಿದೆ. ಅದು ಬಂದದ್ದೂ ನಮ್ಮ ಹೆಸರಿನಲ್ಲೇ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳನ್ನು, ಕರೆದೊಯ್ಯಲು ಬಂದ ಕಾರಿನ ಚಾಲಕನೇ ಕೊಂದ. 2012ರಲ್ಲಿ ದೆಹಲಿಯ ಘೋರ ನಡೆಯಿತು. ಮರುವರ್ಷ ನಿರ್ಭಯಾ ನಿಧಿ ಹುಟ್ಟಿತು. ಅದರಿಂದ 2018ರಲ್ಲಿ ಎಂಟು ನಗರಗಳಿಗೆ 'ಸೇಫ್ ಸಿಟಿ' ಯೋಜನೆ ಬಂತು. ಬೆಂಗಳೂರಿಗೆ 667 ಕೋಟಿ ರೂಪಾಯಿ, 7,000ಕ್ಕೂ ಹೆಚ್ಚು ಕ್ಯಾಮೆರಾ. ಪಾಳಿ ಮುಗಿಸಿ ಹತ್ತು ಗಂಟೆಗೆ ಮನೆಗೆ ನಡೆಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ತಾಯಂದಿರನ್ನು ಕೇಳಿ, "ಇರಲಿ ಬಿಡಿ ಮಿಸ್, ಒಂದು ಧೈರ್ಯ" ಎನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹತ್ತನೆಯ ತರಗತಿಯ ನನ್ನ ವಿದ್ಯಾರ್ಥಿನಿಯೊಬ್ಬಳು ಬಸ್ ಸ್ಟಾಪಿನಲ್ಲಿ ಸಹಪಾಠಿಯಿಂದ ನೋಟ್ಸ್ ಇಸಿದುಕೊಂಡಳು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಅದು ಬಿತ್ತು. ಯಾರೋ ಅದನ್ನು ಮೊಬೈಲಿಗೆ ಹಾಕಿಕೊಂಡರು. ಸಂಜೆಯೊಳಗೆ ಅವಳ ಅಪ್ಪನಿಗೆ ತಲುಪಿತು. ಮನೆಗೆ ಹೋಗಿ ಎಷ್ಟು ಹೇಳಿದರೂ ಅವರದು ಒಂದೇ ಮಾತು: "ಬೀದಿಯವರೆಲ್ಲಾ ನೋಡಿದ ಮೇಲೆ ಇನ್ನೇನು ಮೇಡಂ?" ಪರೀಕ್ಷೆಗೆ ಎರಡು ತಿಂಗಳಿತ್ತು. ಹುಡುಗಿ ಶಾಲೆಗೆ ಬರಲಿಲ್ಲ.

ಜನ ಸೇರುವ ಕಡೆಗಳಲ್ಲಿ ಕ್ಯಾಮೆರಾ ಇಟ್ಟು 30 ದಿನ ಚಿತ್ರ ಕಾಪಾಡಬೇಕೆಂದು 2017ರ ಕರ್ನಾಟಕದ ಕಾನೂನು ಹೇಳುತ್ತದೆ. ಅದು ಪೊಲೀಸರಿಗೆ ತೋರಿಸುವುದಕ್ಕೇ ಹೊರತು ಓಣಿಯ ಹರಟೆಗಲ್ಲ. ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತರು. ಆಧಾರ್ ವಿಷಯವಾಗಿ ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದ್ದು 2012ರಲ್ಲಿ, ಎಂಬತ್ತು ದಾಟಿದ ಮೇಲೆ! 2023ರಲ್ಲಿ ಜನರ ಮಾಹಿತಿಯ ರಕ್ಷಣೆಗೆ ಕಾನೂನೂ ಬಂತು. ಆದರೆ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಅದರಲ್ಲೇ ದಾರಿಯಿದೆ.

ದೀಪದ ಬೆಳಕಿನಲ್ಲಿ ನಾವೂ ನೋಡುತ್ತೇವೆ, ನಮ್ಮನ್ನೂ ನೋಡುತ್ತಾರೆ. ಕ್ಯಾಮೆರಾ ಹಾಗಲ್ಲ, ಅದರ ಹಿಂದೆ ಕುಳಿತವರು ನಮಗೆ ಕಾಣುವುದಿಲ್ಲ. ಕಾಣದವರನ್ನು ನಂಬುವುದು ಹೇಗೆ? ನ್ಯಾಯಬೆಲೆ ಅಂಗಡಿಯಲ್ಲಿ ದಾಸ್ತಾನಿನ ಹಲಗೆ ಹಾಕುವುದಿಲ್ಲವೇ? ಹಾಗೆಯೇ ಪ್ರತಿ ಕಂಬಕ್ಕೂ ಕನ್ನಡದಲ್ಲಿ ಒಂದು ಹಲಗೆ ಇರಲಿ: ಕ್ಯಾಮೆರಾ ಯಾರದು, ಚಿತ್ರ ಎಷ್ಟು ದಿನ ಇರುತ್ತದೆ, ಯಾರು ನೋಡಬಹುದು, ದೂರು ಯಾರಿಗೆ.

ಆ ಹುಡುಗಿ ಮೊನ್ನೆ ಸಿಕ್ಕಿದ್ದಳು. ಗಾರ್ಮೆಂಟ್ಸಿಗೆ ಹೋಗುತ್ತಾಳಂತೆ. "ಖಾಸಗಿಯಾಗಿ ಪರೀಕ್ಷೆ ಕಟ್ಟಮ್ಮ, ನಾನು ಹೇಳಿಕೊಡ್ತೀನಿ" ಎಂದೆ. ಅವಳು ತಲೆಯಾಡಿಸುವ ಮೊದಲು ಒಮ್ಮೆ ಕಂಬದ ಕಡೆ ನೋಡಿದಳು.